ತಪ್ಪು ಉತ್ತರದ ಹುಡುಗ

"ಪೀಠಿಕೆಗೆ ಮೂರ್ ಪ್ರಶ್ನೆ ಅಲ್ದಾ ಟೀಚರ್? ಮೂರಕ್ಕೂ ಜನ ಆಯ್ತ್," ಎಂದಳು ದೀಕ್ಷಾ, ನೋಟ್ ಪುಸ್ತಕದ ಕೊನೆಯ ಹಾಳೆ ನೋಡುತ್ತಾ. "ನಕ್ಷೆ ತೋರ್ಸುಕೆ ಎರಡನೇ ಬೆಂಚಿನ ಯೋಗೀಶ. ಕಡಿಗ್ ಪುನರಾವರ್ತನೆಗೆ ನಾನ್. ತಪ್ ಉತ್ತರಕ್ಕೆ ರತೀಶ. ಅವ್ನ್ ಖಾಯಂ."

"ತಪ್ಪಿಗೆ ಇಬ್ರ್ ಇದ್ರೆ ಆತಿಲ್ಯಾ?" ಚೇತನಾ ಕೇಳಿದಳು.

"ಬ್ಯಾಡ ಟೀಚರ್. ಒಂದಾರೆ ಚಂದ. ಎರಡಾರೆ ಕ್ಲಾಸೇ ದಡ್ಡ ಅಂದೇಳಿ ಕಾಂತ್."

ದೀಕ್ಷಾಳಿಗೆ ಹದಿಮೂರು ವರ್ಷ, ಚೇತನಾಳಿಗೆ ಇಪ್ಪತ್ನಾಲ್ಕು. ಎರಡು ದಿನ ಬಿಟ್ಟು ಬುಧವಾರ ಚೇತನಾಳ ಬೋಧನೆಯ ಪರೀಕ್ಷೆ. ಅಂಥ ಪರೀಕ್ಷೆಯಲ್ಲಿ ಯಾರು ಹೆಚ್ಚು ಅನುಭವಸ್ಥರು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಕುಂದಾಪುರದ ಆ ಬಿ.ಎಡ್. ಕಾಲೇಜಿನ ಹಿಂದಿನ ಗೋಡೆಗೆ ತಾಗಿಯೇ ಶಾಲೆ ಇತ್ತು. ಕಾಲೇಜು ಶುರುವಾದ ಲಾಗಾಯ್ತು ತರಬೇತಿಯವರೆಲ್ಲ ಬೋಧನೆಯ ಅಭ್ಯಾಸಕ್ಕೆ ಬರುವುದು ಅಲ್ಲಿಗೇ. ಹಾಗಾಗಿ ಆ ಶಾಲೆಯ ಎಂಟನೇ ತರಗತಿಯ ಮಕ್ಕಳು ಒಂದೇ ಪಾಠವನ್ನು ವರ್ಷಕ್ಕೆ ಐದಾರು ಸಲ, ಐದಾರು ಜನರಿಂದ ಕೇಳುತ್ತಿದ್ದರು. ಪೀಠಿಕೆ ಎಲ್ಲಿ ಮುಗಿಯುತ್ತದೆ, ಚಾರ್ಟು ಯಾವಾಗ ಬಿಚ್ಚಬೇಕು, ವೀಕ್ಷಕರು ಒಳಗೆ ಬಂದರೆ ಯಾವ ಮುಖ ಮಾಡಬೇಕು, ಎಲ್ಲ ಅವರಿಗೆ ಗೊತ್ತಿತ್ತು. ತರಬೇತಿಯವರು ಕಪ್ಪುಹಲಗೆಯ ಮೇಲೆ ದಿನಾಂಕ ಬರೆಯಲು ಮರೆತರೆ ಮುಂದಿನ ಬೆಂಚಿನವರು ಸಣ್ಣಗೆ ಕೆಮ್ಮುತ್ತಿದ್ದರು.

ತಪ್ಪು ಉತ್ತರವೂ ಅಲ್ಲಿನ ಪದ್ಧತಿಯೇ. ಕೇಳಿದ್ದಕ್ಕೆಲ್ಲ ಸರಿ ಉತ್ತರ ಬಂದರೆ ಮೊದಲೇ ಹೇಳಿಕೊಟ್ಟಿದ್ದಾರೆ ಎಂದು ಪರೀಕ್ಷಕರಿಗೆ ಗುಮಾನಿ ಬರುತ್ತದೆ. ಅದಕ್ಕಾಗಿ ಯಾವುದೋ ಕಾಲದಲ್ಲಿ ಯಾರೋ ಬುದ್ಧಿವಂತರು ಒಬ್ಬ ಹುಡುಗನಿಂದ ಬೇಕೆಂದೇ ತಪ್ಪು ಹೇಳಿಸಿ, ತಾಳ್ಮೆಯಿಂದ ತಿದ್ದಿದಂತೆ ತೋರಿಸಿ, ಒಳ್ಳೆಯ ಅಂಕ ಪಡೆದರಂತೆ. ಅಂದಿನಿಂದ ಅದೊಂದು ಹುದ್ದೆಯಾಯಿತು. ಈ ವರ್ಷ, ಅಂದರೆ ೨೦೦೮ರ ಜೂನ್‌ನಿಂದ ಈಗಿನ ಮಾರ್ಚ್‌ವರೆಗೆ, ಆ ಹುದ್ದೆ ರತೀಶನದು. ಅವನು ವಾರಕ್ಕೆರಡು ಮೂರು ದಿನ ತಡವಾಗಿ ಬರುತ್ತಿದ್ದ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಸರಿ ಉತ್ತರಕ್ಕೆ ಒಂದು ಚಾಕಲೇಟು, ತಪ್ಪಿಗೆ ಎರಡು. ತಪ್ಪು ಹೇಳುವುದರಲ್ಲಿ ನಾಚಿಕೆ ಇದೆಯಲ್ಲ, ಅದಕ್ಕೆ ಹೆಚ್ಚಿನದೊಂದು ಎಂದು ದೀಕ್ಷಾಳೇ ನಿಗದಿ ಮಾಡಿದ್ದಳು.

ಚೇತನಾ ಈ ಪದ್ಧತಿಯನ್ನು ಪ್ರಶ್ನಿಸುವ ಸ್ಥಿತಿಯಲ್ಲಿರಲಿಲ್ಲ. ಹೋದ ವರ್ಷ ಅವಳ ಅಂತಿಮ ಪಾಠದ ಪರೀಕ್ಷೆ ಬೇರೊಂದು ಶಾಲೆಯಲ್ಲಿ ಬಿದ್ದಿತ್ತು. ಅಲ್ಲಿನ ಮಕ್ಕಳು ಬಾಯಿಯೇ ಬಿಡಲಿಲ್ಲ. ಅವಳು ಕೇಳಿದಳು, ಕಾದಳು, ತಾನೇ ಉತ್ತರ ಹೇಳಿದಳು, ಮತ್ತೆ ಕೇಳಿದಳು. ನಲವತ್ತು ನಿಮಿಷದ ಪಾಠ ಹನ್ನೊಂದನೇ ನಿಮಿಷಕ್ಕೆ ಮುಗಿದುಹೋಯಿತು. ಉಳಿದ ಹೊತ್ತು ಸೀಮೆಸುಣ್ಣ ಹಿಡಿದು ಕಿಟಕಿ ನೋಡುತ್ತಾ ನಿಂತಿದ್ದಳು. ಬರೆಯುವ ಪರೀಕ್ಷೆಗಳೆಲ್ಲ ಪಾಸು, ಪಾಠ ಫೇಲು.

ಈಗ ಎರಡನೇ ಸಲ. ಬೈಂದೂರಿನ ಪಕ್ಕದ ಅವಳ ಊರು ಯಡ್ತರೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಪ್ರಭಾವತಿ ಟೀಚರ್ ಒಂದು ಮಾತು ಹೇಳಿದ್ದರು: "ಆರು, ಏಳು, ಎಂಟಕ್ಕೆ ಸಮಾಜ ಪಾಠ ಮಾಡುಕೆ ಜನ ಇಲ್ಲೆ. ಜೂನಿಗೆ ನೀ ಪಾಸಾಯಿ ಬಾ, ಅತಿಥಿ ಶಿಕ್ಷಕಿ ಮಾಡ್ಕಂತೆ. ಈ ಸಲವೂ ಆಗ್ದಿದ್ರೆ ನಾ ಬೇರೆಯವ್ರನ್ನ ಕಾಣ್ಕಾತ್ತ್ ಮಗಾ." ಆ ಶಾಲೆಯಲ್ಲೇ ಚೇತನಾ ಓದಿದ್ದು. ಬುಧವಾರದ ನಲವತ್ತು ನಿಮಿಷಗಳ ಆಚೆ ಆ ಮೂರು ತರಗತಿಗಳು ಇದ್ದವು.

ಪಾಠದ ವಿಷಯ ಸಮುದ್ರದ ಭರತ ಮತ್ತು ಇಳಿತ. ಸೋಮವಾರ ಮಧ್ಯಾಹ್ನ ಪೂರ್ತಿ ರಿಹರ್ಸಲ್ ನಡೆಯಿತು. ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು, ಪುಸ್ತಕದ ಕನ್ನಡದಲ್ಲಿ, ಪೂರ್ಣ ವಾಕ್ಯದಲ್ಲಿ ಉತ್ತರಿಸಿದರು.

"ಸಮುದ್ರದ ನೀರು ಏರಲು ಮತ್ತು ಇಳಿಯಲು ಕಾರಣವೇನು?" ಚೇತನಾ ಕೇಳಿದಳು.

ಕೊನೆಯ ಬೆಂಚಿನಿಂದ ರತೀಶ ಎದ್ದ. ಎತ್ತರದ ಹುಡುಗ, ಅಂಗಿಯ ತೋಳು ಗಿಡ್ಡವಾಗಿತ್ತು. "ಸಮುದ್ರದ ನೀರು ಗಾಳಿಯಿಂದ ಏರುತ್ತದೆ ಮತ್ತು ಇಳಿಯುತ್ತದೆ."

"ಒಳ್ಳೆಯ ಪ್ರಯತ್ನ. ಕುಳಿತುಕೋ. ಬೇರೆ ಯಾರು ಹೇಳುತ್ತೀರಿ?"

"ಚಂದ್ರನ ಆಕರ್ಷಣೆಯಿಂದ ಸಮುದ್ರದ ನೀರು ಏರುತ್ತದೆ," ಎಂದಳು ದೀಕ್ಷಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಯೂ ಪಟ್ಟಿಯಲ್ಲಿತ್ತು.

ರಿಹರ್ಸಲ್ ಮುಗಿದು ಮಕ್ಕಳು ಚಾಕಲೇಟು ತೆಗೆದುಕೊಂಡು ಹೊರಟರು. ರತೀಶ ಮಾತ್ರ ಮೇಜಿನ ಹತ್ತಿರ ನಿಂತಿದ್ದ. ಅವನ ಎರಡು ಚಾಕಲೇಟು ಅಲ್ಲೇ ಇದ್ದವು.

"ಎಂತ ರತೀಶ?"

"ಟೀಚರ್, ಒಂದ್ ಕೇಂಬ್ದಿತ್ತ್. ಚಂದ್ರ ಎಳಿತ್ತ್, ಅದ್ಕೆ ನೀರ್ ಏರತ್ತ್ ಅಂದ್ರಿ ಅಲ್ದಾ?"

"ಹೌದ್."

"ಚಂದ್ರ ಒಂದೇ ಅಲ್ದಾ? ಆದ್ರೆ ನಮ್ ಹೊಳಿಯಂಗೆ ದಿನಕ್ಕೆ ಎರಡ್ ಸಲ ನೀರ್ ಏರತ್ತಲೆ. ಚಂದ್ರ ನಮ್ ನೆತ್ತಿ ಮೇಲ್ ಇಪ್ಪತಿಗೆ ಒಂದ್ ಸಲ ಏರುದ್ ಸಮ. ಮತ್ತೊಂದ್ ಸಲ ಎಂತಕೆ? ಅಷ್ಟೊತ್ತಿಗೆ ಚಂದ್ರ ಭೂಮಿಯ ಆಚೆ ಬದಿಗ್ ಇರ್ತ್ ಅಲ್ದಾ?"

ಚೇತನಾ ಪಾಠ ಯೋಜನೆಯ ಪುಸ್ತಕ ನೋಡಿದಳು. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ತಾನು ಕೇಳುವ ಪ್ರಶ್ನೆ, ಬಲಕ್ಕೆ ಮಕ್ಕಳಿಂದ ನಿರೀಕ್ಷಿಸುವ ಉತ್ತರ ಬರೆದಿದ್ದಳು. ಮಕ್ಕಳು ಕೇಳುವ ಪ್ರಶ್ನೆಗೆ ಅಲ್ಲಿ ಕಾಲಂ ಇರಲಿಲ್ಲ.

"ಎರಡ್ ಸಲ ಅಂದೇಳಿ ನಿಂಗ್ ಹ್ಯಾಂಗ್ ಗೊತ್ತ್?"

"ಅಮ್ಮ ಹೊಳಿಯಂಗೆ ಚಿಪ್ಪ್ ಹೆಕ್ಕುಕೆ ಹೋತ್ಲ್. ನಾನೂ ಹೋತೆ. ನೀರ್ ಪೂರ್ತಿ ಇಳ್ದತಿಗೆ ಹೋಯ್ಕಲೆ. ಇವತ್ ಏಳೂವರಿಗೆ ಇಳೀತ್, ನಾಳಿಗೆ ಎಂಟೂಕಾಲಿಗೆ. ದಿನಾ ಮುಕ್ಕಾಲ್ ಗಂಟೆ ಮುಂದ್ ಹೋತ್ತ್. ಬುಧವಾರ ನಾ ಬಪ್ಪತಿಗೆ ತಡ ಆತ್ತ್ ಟೀಚರ್."

ಆ ಕ್ಷಣಕ್ಕೆ ಚೇತನಾಳಿಗೆ ಕೇಳಿಸಿದ್ದು ಕೊನೆಯ ವಾಕ್ಯ ಮಾತ್ರ. "ತಡ ಮಾಡ್ಬೇಡ ಮಾರಾಯ. ಹತ್ತೂಮುಕ್ಕಾಲಿಗೆ ನನ್ ಪಾಠ. ನೀ ಇಲ್ದಿದ್ರೆ ಗಾಳಿ ಅಂದೇಳಿ ಹೇಳುವವ್ರ್ ಯಾರ್? ಈ ಎರಡ್ ಸಲದ್ದೆಲ್ಲ ಪುಸ್ತಕದಂಗಿಲ್ಲೆ. ನೀ ಅಲ್ ಕೇಂಬ್ಕ್ ಹೋಗ್ಬೇಡ, ಆಯ್ತಾ? ಗಾಳಿ ಅಂದ್ರೆ ಸಾಕ್."

"ಅಡ್ಡಿಲ್ಲ ಟೀಚರ್," ಎಂದು ರತೀಶ ಚಾಕಲೇಟು ತೆಗೆದುಕೊಂಡು ಹೋದ.

ಸಂಜೆ ಅವಳು ಮನೆಗೆ ಹೋಗುವ ಬೈಂದೂರಿನ ಬಸ್ಸು ಮರವಂತೆಗೆ ಬಂದಾಗ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ. ವಾರಕ್ಕೆ ಆರು ದಿನ ಈ ದಾರಿಯಲ್ಲಿ ಓಡಾಡಿದರೂ ಹೊಳೆಯ ನೀರು ಎಲ್ಲಿಯವರೆಗೆ ಬಂದಿದೆ ಎಂದು ಚೇತನಾ ಒಮ್ಮೆಯೂ ಗಮನಿಸಿರಲಿಲ್ಲ. ಅಂದು ನೋಡಿದಳು. ತೆಂಗಿನ ಬುಡದವರೆಗೆ ಒದ್ದೆ ಗುರುತಿತ್ತು, ನೀರು ಅದಕ್ಕಿಂತ ಕೆಳಗಿತ್ತು. ಏರುತ್ತಿದೆಯೋ ಇಳಿಯುತ್ತಿದೆಯೋ ಅವಳಿಗೆ ಹೇಳಲಾಗಲಿಲ್ಲ. ರತೀಶನಾದರೆ ಹೇಳುತ್ತಿದ್ದ.

ಮರುದಿನ ಉಮಾನಾಥ ಸರ್ ಹತ್ತಿರ ಕೇಳಿದಳು. ಅವರು ಸಮಾಜ ವಿಜ್ಞಾನದ ಬೋಧನಾ ಪದ್ಧತಿ ಕಲಿಸುವವರು. ಹೋದ ವರ್ಷ ಅವಳ ಫಲಿತಾಂಶ ಕಂಡು ಅವಳಿಗಿಂತ ಹೆಚ್ಚು ಬೇಸರ ಮಾಡಿಕೊಂಡವರು.

"ಒಳ್ಳೆ ಪ್ರಶ್ನೆ. ನಂಗೂ ಸರಿಯಾಗಿ ಗೊತ್ತಿಲ್ಲ," ಎಂದರು ಅವರು. "ಆದ್ರೆ ಚೇತನಾ, ನಾಳೆ ಬೇಡ. ಪರೀಕ್ಷೆ ಪಾಠ ಅಂದ್ರೆ ಗೆರೆ ಎಳೆದ ದಾರಿ. ನೀನು ದಾರಿ ತಪ್ಪಿದ್ರೆ ಏನಾಗ್ತದೆ ಅಂತ ನಿಂಗೇ ಗೊತ್ತುಂಟಲ್ಲ. ಪಾಸಾಗು ಮೊದ್ಲು. ಆಮೇಲೆ ಮೂವತ್ತು ವರ್ಷ ಉಂಟು, ಎಂಥ ಪ್ರಶ್ನೆ ಬೇಕಾದ್ರೂ ತಗೋ."

ಸಾಲಿಗ್ರಾಮದಿಂದ ಬರುತ್ತಿದ್ದ ಗೆಳತಿ ಶ್ರಾವ್ಯಳ ಪಾಠ ಆಗಲೇ ಮುಗಿದಿತ್ತು. ಅವಳು ನಕ್ಕಳು. "ನಿಂದ್ ಒಂದ್ ಕಥೆ ಮಾರಾಯ್ತಿ. ತಪ್ ಹೇಳುಕ್ ಇಟ್ಕಂಡ ಹುಡ್ಗನ್ ಹತ್ರ ಪಾಠ ಕಲ್ತ್ಕಂಬುಕ್ ಹೊರಟಿದೆಯಲೆ. ನನ್ ಪಾಠದಂಗೆ ಅವ ಗಾಂಧೀಜಿ ಹುಟ್ಟಿದ್ ಮುಂಬೈಯಂಗೆ ಅಂದ. ಎಷ್ಟ್ ಚಂದ ಹೇಳ್ದ ಗೊತ್ತಿತ್ತಾ? ನಾ ಎಷ್ಟ್ ಪ್ರೀತಿಂದ ತಿದ್ದಿದೆ ಗೊತ್ತಿತ್ತಾ?"

ಚೇತನಾ ನಕ್ಕಳು, ಆಮೇಲೆ ನಗು ನಿಂತಿತು. ಹತ್ತು ತಿಂಗಳಲ್ಲಿ ಆ ಹುಡುಗ ಈ ಕೋಣೆಯಲ್ಲಿ ಎಷ್ಟು ಸಲ ತಪ್ಪು ಹೇಳಿರಬಹುದು ಎಂದು ಲೆಕ್ಕ ಹಾಕಲು ಹೋಗಿ ನಡುವೆಯೇ ಬಿಟ್ಟಳು.

ಬುಧವಾರ ಹತ್ತೂಮುಕ್ಕಾಲಿಗೆ ಪರೀಕ್ಷಕಿ ಪಂಕಜಾಕ್ಷಿ ಮೇಡಂ ಹಿಂದಿನ ಬಾಗಿಲಿಂದ ಬಂದು ಕುರ್ಚಿಯಲ್ಲಿ ಕುಳಿತರು. ಬ್ರಹ್ಮಾವರದ ಕಡೆಯವರು, ನರೆತ ಕೂದಲು, ಕೈಯಲ್ಲಿ ಕ್ಯಾಪು ತೆಗೆದ ಪೆನ್ನು. ಉಮಾನಾಥ ಸರ್ ಪಕ್ಕದಲ್ಲಿ ಕುಳಿತರು. ಕೊನೆಯ ಬೆಂಚಿನಲ್ಲಿ ರತೀಶನ ಜಾಗ ಖಾಲಿ ಇತ್ತು.

ಚೇತನಾ ದಿನಾಂಕ ಬರೆದಳು. ಪೀಠಿಕೆಯ ಮೂರು ಪ್ರಶ್ನೆಗಳಿಗೆ ಮೂವರು ಎದ್ದರು. ದೀಕ್ಷಾ ಎರಡು ಸಲ ಬಾಗಿಲ ಕಡೆ ನೋಡಿ, ಯೋಗೀಶನಿಗೆ ಕಣ್ಣಲ್ಲೇ ಏನೋ ಸನ್ನೆ ಮಾಡಿದಳು. ಬದಲಿ ವ್ಯವಸ್ಥೆ ಇರಬೇಕು. ಯೋಗೀಶ ನಕ್ಷೆ ತೋರಿಸಿ ಕುಳಿತುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ರತೀಶ ಕಂಡ. ಪ್ಯಾಂಟು ಮಡಚಿ ಮೊಣಕಾಲಿಗೆ ಏರಿಸಿದ್ದ. ಮೊಣಕಾಲ ಕೆಳಗೆ ಹೊಳೆಯ ಕೆಸರು ಇನ್ನೂ ಒಣಗಿರಲಿಲ್ಲ. ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ. ಪರೀಕ್ಷಕರನ್ನು ಕಂಡು ಗೋಡೆಗೆ ಒರಗಿಕೊಂಡೇ ಸರಿದು ತನ್ನ ಜಾಗಕ್ಕೆ ಹೋದ.

"ಸಮುದ್ರದ ನೀರು ಏರಲು ಮತ್ತು ಇಳಿಯಲು ಕಾರಣವೇನು?"

ಅವನು ಎದ್ದ. ಉಸಿರು ಹಿಡಿದುಕೊಂಡ.

"ಸಮುದ್ರದ ನೀರು... ಗಾಳಿಯಿಂದ ಏರುತ್ತದೆ ಮತ್ತು ಇಳಿಯುತ್ತದೆ."

ಪ್ಯಾಂಟಿನ ಮಡಿಕೆಯಿಂದ ನೀರು ತೊಟ್ಟಿಕ್ಕಿ ಸಿಮೆಂಟ್ ನೆಲದ ಮೇಲೆ ಸಣ್ಣ ಕಲೆಯಾಗುತ್ತಿತ್ತು. ಇಳಿತದ ನೀರಿನಲ್ಲಿ ನಿಂತು ಕೆಲಸ ಮಾಡುತ್ತಿದ್ದವನು, ಕೊಟ್ಟ ಮಾತಿಗಾಗಿ ಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದು, ಅವಳಿಗಾಗಿ ಗಾಳಿ ಎಂದು ಹೇಳಿ ನಿಂತಿದ್ದ. ಈಗ ಅವಳು ಒಳ್ಳೆಯ ಪ್ರಯತ್ನ, ಕುಳಿತುಕೋ ಎನ್ನಬೇಕಿತ್ತು.

"ರತೀಶ," ಎಂದಳು, "ಇವತ್ತು ಹೊಳೆಯ ನೀರು ಎಷ್ಟು ಹೊತ್ತಿಗೆ ಪೂರ್ತಿ ಇಳಿಯಿತು?"

ಅವನು ದೀಕ್ಷಾಳ ಕಡೆ ನೋಡಿದ. ದೀಕ್ಷಾ ಪಟ್ಟಿಯ ಕಡೆ ನೋಡಿದಳು.

"ಒಂಬತ್ ಗಂಟಿಗೆ ಟೀಚರ್."

"ನಿನ್ನೆ?"

"ಎಂಟೂಕಾಲ್."

"ಮೊನ್ನೆ?"

"ಏಳೂವರೆ."

ಅವಳು ಮೂರನ್ನೂ ಹಲಗೆಯ ಮೇಲೆ ಬರೆದಳು. ಬೆನ್ನು ತಿರುಗಿಸಿದ್ದಾಗ ಮುಂದಿನ ಬೆಂಚಿನಿಂದ ಕೆಮ್ಮು ಕೇಳಿಸಿತು, ಆಮೇಲೆ ದೀಕ್ಷಾಳ ಪಿಸುದನಿ: "ಟೀಚರ್, ಇದ್ ಪ್ಲಾನಂಗಿಲ್ಲೆ."

"ಗೊತ್ತು," ಎಂದಳು ಚೇತನಾ. "ಈ ಮೂರು ಸಮಯ ನೋಡಿ ಏನು ಕಾಣಿಸುತ್ತದೆ?"

ಯಾರೂ ಮಾತಾಡಲಿಲ್ಲ. ಈ ಮೌನದ ಪರಿಚಯ ಅವಳಿಗಿತ್ತು. ಹೋದ ವರ್ಷ ಹನ್ನೊಂದು ನಿಮಿಷ ಇದನ್ನೇ ಕೇಳಿದ್ದಳು. ಆಗ ಎಡಗಡೆಯ ಸಾಲಿನಿಂದ, ಇಡೀ ವರ್ಷದಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ಗೋಪಿ ಎಂಬ ಹುಡುಗಿ ಕೂತಲ್ಲೇ ಹೇಳಿದಳು: "ದಿನಾ ಮುಕ್ಕಾಲ್ ಗಂಟೆ ತಡ ಆಪ್ದ್. ನಮ್ಮಪ್ಪಯ್ಯ ದೋಣಿ ಇಳ್ಸುದೂ ಹಂಗೇ."

"ಚಂದ್ರನೂ ದಿನಾ ತಡ ಮಾಡಿ ಹುಟ್ಟುತ್ತಲೆ," ಎಂದ ಯೋಗೀಶ.

"ಹೌದಾ? ಎಷ್ಟು ತಡ?"

ಹತ್ತು ಜನ ಒಟ್ಟಿಗೆ ಮಾತಾಡತೊಡಗಿದರು. ಒಬ್ಬಳ ಮನೆಯ ಬಾವಿಯ ನೀರು ಹುಣ್ಣಿಮೆಗೆ ಉಪ್ಪಾಗುತ್ತದೆ. ಒಬ್ಬನ ಮನೆಯ ಮೆಟ್ಟಿಲವರೆಗೂ ನೀರು ಬರುತ್ತದೆ. ಪುಸ್ತಕದ ಕನ್ನಡ ಎಲ್ಲೋ ಬಿದ್ದುಹೋಗಿತ್ತು. ಗಲಾಟೆ ಸ್ವಲ್ಪ ಇಳಿದ ಮೇಲೆ ಚೇತನಾ ಹೇಳಿದಳು: "ರತೀಶ, ಸೋಮವಾರ ನನ್ನ ಹತ್ತಿರ ಒಂದು ಪ್ರಶ್ನೆ ಕೇಳಿದ್ದೆಯಲ್ಲ. ಎಲ್ಲರಿಗೂ ಕೇಳಿಸುವ ಹಾಗೆ ಕೇಳು."

ಅವನು ಕೇಳಿದ. ಚಂದ್ರ ಒಂದೇ, ನೀರು ಎರಡು ಸಲ ಯಾಕೆ ಏರುತ್ತದೆ?

"ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ," ಎಂದಳು ಚೇತನಾ. "ನಿಮಗೆ ಏನನಿಸುತ್ತದೆ?"

ಕೋಣೆಯ ಹಿಂದೆ ಪೆನ್ನಿನ ಸದ್ದು ನಿಂತಿತು. ಉಮಾನಾಥ ಸರ್ ನೆಲ ನೋಡುತ್ತಿದ್ದರು.

ದೀಕ್ಷಾ ಪಟ್ಟಿ ಮಡಚಿ ಪುಸ್ತಕದೊಳಗಿಟ್ಟಳು. ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಕುಳಿತಿದ್ದು ಎದ್ದಳು. "ಟೀಚರ್, ಆಚೆ ಬದಿಯಂಗೆ ಸೂರ್ಯ ಎಳಿತ್ತ್ ಕಾಂತ್. ಒಂದ್ ಸಲ ಚಂದ್ರಂದ್, ಒಂದ್ ಸಲ ಸೂರ್ಯಂದ್."

"ಹ್ವಾಯ್, ಹಂಗಾರೆ ಅಮಾಸಿ ದಿನ?" ರತೀಶ ಹಿಂದಿನಿಂದ ಕೇಳಿದ. "ಆವತ್ ಇಬ್ರೂ ಒಂದೇ ಬದಿಗ್ ಇರ್ತ್ರ್. ಆದ್ರೂ ಎರಡ್ ಸಲ ಏರತ್ತಲೆ."

ದೀಕ್ಷಾ ತಿರುಗಿ ಅವನನ್ನು ನೋಡಿದಳು. ಹತ್ತು ತಿಂಗಳಿಂದ ಇವಳು ಅವನಿಗೆ ತಪ್ಪು ಹಂಚಿದ್ದಳು. ಈಗ ತಾನೇ ಒಂದು ತಪ್ಪು ಹೇಳಿದ್ದಳು, ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. "ಹೌದಲೆ," ಎಂದಳು, ಕುಳಿತಳು, ಬೆರಳು ಕಚ್ಚುತ್ತಾ ಯೋಚಿಸತೊಡಗಿದಳು. ರತೀಶ ನಿಂತೇ ಇದ್ದ.

ಬೆಲ್ ಹೊಡೆಯಿತು. ಪುನರಾವರ್ತನೆ ಆಗಿರಲಿಲ್ಲ. ಚಾರ್ಟು ಸುರುಳಿಯಾಗಿ ಮೇಜಿನ ಮೇಲೆ ಹಾಗೇ ಇತ್ತು.

ಮಕ್ಕಳು ಹೋದ ಮೇಲೆ ಪಂಕಜಾಕ್ಷಿ ಮೇಡಂ ಪಾಠ ಯೋಜನೆಯ ಪುಸ್ತಕ ತಿರುವಿದರು.

"ನೀನು ಮಾಡಿದ್ದು ಇದರಲ್ಲಿಲ್ಲ."

"ಇಲ್ಲ ಮೇಡಂ. ಮತ್ತೆ... ಅವನ ಹತ್ರ ಗಾಳಿ ಅಂತ ನಾನೇ ಹೇಳಿಸಿದ್ದು."

"ಗೊತ್ತು. ನಿನ್ನೆ ಈ ಕ್ಲಾಸಲ್ಲಿ ಆರು ಪಾಠ ನೋಡಿದೆ. ಆರರಲ್ಲೂ ಅವನೊಬ್ಬನೇ ತಪ್ಪು. ಅಷ್ಟು ಕ್ರಮವಾಗಿ ತಪ್ಪು ಹೇಳಬೇಕಾದ್ರೆ ಹುಡುಗ ಭಾರೀ ಹುಷಾರಿರಬೇಕು ಅಂದ್ಕೊಂಡೆ." ಅವರು ನಗಲಿಲ್ಲ. "ಮುಕ್ತಾಯ ಇಲ್ಲ, ಮನೆಗೆಲಸ ಇಲ್ಲ, ಚಾರ್ಟು ಬಿಚ್ಚಲಿಲ್ಲ. ಅಂಕ ಕಳೆಯಲೇಬೇಕು, ಬೇಸರ ಮಾಡ್ಕೋಬೇಡ."

"ಸರಿ ಮೇಡಂ."

"ಅವನಿಗೆ ಉತ್ತರ ಯಾವಾಗ ಹೇಳ್ತಿ?"

"ನಾಳೆ."

"ನಾಳೆ ನಿಂಗೆ ಪಾಠ ಇಲ್ಲ. ಪರೀಕ್ಷೆ ಮುಗೀತಲ್ಲ."

"ಆದ್ರೂ ಬರ್ತೇನೆ ಮೇಡಂ."

ಮೇಡಂ ಅವಳ ಮುಖವನ್ನು ಒಮ್ಮೆ ನೋಡಿ ಪೆನ್ನಿಗೆ ಕ್ಯಾಪು ಹಾಕಿದರು.

ಫಲಿತಾಂಶ ಬರಲು ಎರಡು ತಿಂಗಳು ಹಿಡಿಯಿತು. ಅಂತಿಮ ಪಾಠಕ್ಕೆ ನೂರಕ್ಕೆ ಐವತ್ತಾರು, ಪಾಸು. ಶ್ರಾವ್ಯಳಿಗೆ ಎಂಬತ್ತೊಂಬತ್ತು. ಜೂನಿಗೆ ಶಾಲೆ ತೆರೆದಾಗ ಅಂಕಪಟ್ಟಿ ಕೈಗೆ ತೆಗೆದುಕೊಂಡ ಪ್ರಭಾವತಿ ಟೀಚರ್ ಐವತ್ತಾರನ್ನು ನೋಡಿದರೋ ಇಲ್ಲವೋ, "ಸೋಮವಾರದಿಂದ ಬಾ, ಏಳನೇ ಕ್ಲಾಸಿನವ್ರ್ ಗಲಾಟಿ ತಡುಕಾತಿಲ್ಲೆ," ಎಂದರು. ಇದೆಲ್ಲ ಮುಂದಿನ ಮಾತು. ಆ ಬುಧವಾರ ಸಂಜೆ ಚೇತನಾಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮತ್ತೆ ಫೇಲಾದೆ ಎಂದೇ ಅಂದುಕೊಂಡು ಬೈಂದೂರಿನಲ್ಲಿ ಬಸ್ಸಿಳಿದಳು. ಇಳಿದವಳು ಮನೆಯ ಕಡೆ ಹೋಗದೆ ಸೈಬರ್ ಸೆಂಟರ್ ಮೆಟ್ಟಿಲು ಹತ್ತಿದಳು. ಭರತ ಇಳಿತದ ಬಗ್ಗೆ ಇಂಗ್ಲಿಷಿನ ಎರಡು ಹಾಳೆ ಪ್ರಿಂಟ್ ತೆಗೆಸಿ, ಮನೆಯ ಜಗಲಿಯಲ್ಲಿ ನಾಲ್ಕು ಸಲ ಓದಿದಳು. ಅರ್ಥವಾಗಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರು ಜೋರಾಗಿ ಬ್ರೇಕು ಹಾಕಿದ, ನಿಂತವರೆಲ್ಲ ಮುಂದಕ್ಕೆ ವಾಲಿದರು. ಮುಂದಿದ್ದವರು ಹೋದಷ್ಟು ನಡುವಿನವರು ಹೋಗಲಿಲ್ಲ, ನಡುವಿನವರಷ್ಟು ಹಿಂದಿನವರು ಹೋಗಲಿಲ್ಲ. ಸಾಲು ಎರಡೂ ಕಡೆಗೆ ಹಿಗ್ಗಿತು. ಬಸ್ಸು ಚಂದ್ರನಂತೆ ಎಳೆಯುವುದಿಲ್ಲ, ನಿಜ. ಆದರೆ ಆ ಹಿಗ್ಗುವಿಕೆಯನ್ನು ಕಂಡ ಮೇಲೆ ಹಾಳೆಯ ಮೇಲಿನ ಚಿತ್ರ ಬಿಡಿಸಿಕೊಂಡಿತು. ಚೇತನಾ ಕಂಬ ಹಿಡಿದುಕೊಂಡೇ ನಕ್ಕಳು.

ಶಾಲೆಯಲ್ಲಿ ಎಂಟನೇ ತರಗತಿಯ ಕ್ಲಾಸ್ ಟೀಚರ್ ಅವಳನ್ನು ಕಂಡು ಆಶ್ಚರ್ಯಪಟ್ಟರು. ಪರೀಕ್ಷೆ ಮುಗಿದ ಮೇಲೆ ತರಬೇತಿಯವರು ಈ ಗೇಟು ದಾಟಿ ಬಂದದ್ದು ಅವರಿಗೆ ನೆನಪಿರಲಿಲ್ಲ. "ಈಗ್ಲೇ ಎರಡನೇ ಪೀರಿಯಡ್ ತಗೊಳ್ಳಿ," ಎಂದರು.

"ಬೇಡ ಟೀಚರ್. ಹನ್ನೆರಡಕ್ಕೆ ಕೊಡ್ತೀರಾ? ಇವತ್ತು ನೀರು ಇಳಿಯುವಾಗ ಒಂಬತ್ತೂಮುಕ್ಕಾಲು ಆಗ್ತದೆ. ರತೀಶ ಬರುವಾಗ ಹನ್ನೊಂದು ದಾಟ್ತದೆ."

ಹನ್ನೆರಡಕ್ಕೆ ಅವಳು ಒಳಗೆ ಬಂದಾಗ ಮಕ್ಕಳು ಎದ್ದು ನಿಂತು ಅವಳ ಹಿಂದೆ ಇಣುಕಿದರು. ಪೆನ್ನು ಹಿಡಿದ ಯಾರೂ ಬರಲಿಲ್ಲ. ಚಾರ್ಟೂ ಇರಲಿಲ್ಲ, ಚಾಕಲೇಟೂ ಇರಲಿಲ್ಲ.

"ಇವತ್ ಯಾರ್ ಕಾಂಬುಕ್ ಬತ್ರ್ ಟೀಚರ್?" ದೀಕ್ಷಾ ಕೇಳಿದಳು.

"ಯಾರೂ ಇಲ್ಲೆ."

ರತೀಶ ಕೊನೆಯ ಬೆಂಚಿನಲ್ಲಿ ಒದ್ದೆ ಪ್ಯಾಂಟು ಹಿಂಡಿಕೊಳ್ಳುತ್ತಿದ್ದ. "ನಾ ಎಂತ ಹೇಳ್ಕ್ ಟೀಚರ್?" ಎಂದ.

"ಎಂತದೂ ಹೇಳ್ಕಂದಿಲ್ಲ. ಎದ್ ಬಾ. ಗೋಪಿ, ನೀನೂ ಬಾ. ದೀಕ್ಷಾ, ನೀನೂ."

ಮೂವರನ್ನೂ ಬೆಂಚುಗಳ ನಡುವಿನ ಜಾಗದಲ್ಲಿ ಸಾಲಾಗಿ ನಿಲ್ಲಿಸಿದಳು. ಮುಂದೆ ದೀಕ್ಷಾ, ನಡುವೆ ಗೋಪಿ, ಹಿಂದೆ ರತೀಶ. ದೀಕ್ಷಾ ಈಚೆ ಬದಿಯ ನೀರು, ಗೋಪಿ ಭೂಮಿ, ರತೀಶ ಆಚೆ ಬದಿಯ ನೀರು. ಚಂದ್ರ ಬಾಗಿಲ ಹತ್ತಿರ. ಹತ್ತಿರವಿದ್ದವರನ್ನು ಚಂದ್ರ ಜಾಸ್ತಿ ಎಳೆಯುತ್ತದೆ, ದೂರವಿದ್ದವರನ್ನು ಕಡಿಮೆ. ದೀಕ್ಷಾ ಮೂರು ಹೆಜ್ಜೆ ಇಟ್ಟಳು, ಗೋಪಿ ಎರಡು, ರತೀಶ ಒಂದು.

"ಈಗ ಕಾಣಿ. ಗೋಪಿಯ ಎರಡೂ ಬದಿಗೆ ಜಾಗ ಆಯ್ತಾ?"

ರತೀಶ ತನ್ನ ಮುಂದೆ ಆದ ಜಾಗವನ್ನು ನೋಡಿದ. ಆಮೇಲೆ ಗೋಪಿಯ ಮುಂದಿನ ಜಾಗವನ್ನು ನೋಡಿದ. ನಿಧಾನಕ್ಕೆ ಅವನ ಮುಖ ಬದಲಾಯಿತು.

"ಹಂಗಾರೆ ನನ್ ಬದಿಯಂಗೆ ನೀರ್ ಏರುದ್, ಭೂಮಿ ನನ್ನ ಬಿಟ್ ಮುಂದ್ ಹೋದದ್ಕೆ."

"ಹೌದ್."

ಅವನು ಕದಲಲಿಲ್ಲ, ಇನ್ನೂ ನೆಲ ನೋಡುತ್ತಿದ್ದ. ದೀಕ್ಷಾ ಚಪ್ಪಾಳೆಗೆ ಕೈ ಎತ್ತಿದವಳು ಅವನ ಮುಖ ನೋಡಿ ತಡೆದಳು.

"ಟೀಚರ್," ಎಂದ ರತೀಶ, "ಮತ್ತೊಂದ್ ಕೇಂಬ್ದಿತ್ತ್."

ಚೇತನಾ ಮೇಜಿನ ಮೇಲಿಂದ ಸೀಮೆಸುಣ್ಣ ಎತ್ತಿಕೊಂಡಳು. "ಕೇಣ್," ಎಂದಳು.